ಐವತ್ತೇಳು ಗಳಿಗೆ, ಹನ್ನೆರಡು ವಿಗಳಿಗೆ

ಸತ್ತವರ ಸುಳಿವು, ಭೂತ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ಮೆಲ್ಲಗೆ ಎದ್ದು ಹೋಗುತ್ತಿದ್ದವನು ನಾನು. ಎದುರಿಗಿದ್ದವರು ಹಿರಿಯರಾದರೆ ಸುಮ್ಮನಿರುತ್ತಿದ್ದೆ, ಓರಗೆಯವರಾದರೆ ಕಿಚಾಯಿಸಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನಾನು ಹೆಚ್ಚು ಬದಲಾಗಿಲ್ಲ. ಆದರೆ ಒಂದು ಮಧ್ಯಾಹ್ನ ನಡೆದದ್ದನ್ನು ಮಾತ್ರ ಇಷ್ಟು ವರ್ಷವಾದರೂ ಯಾವ ಲೆಕ್ಕಕ್ಕೂ ಹಚ್ಚಲಾಗಿಲ್ಲ. ಇಂಥ ಸಂಗತಿಗಳೆಲ್ಲ ರಾತ್ರಿ ನಡೆಯುತ್ತವೆ ಎನ್ನುತ್ತಾರೆ. ನನ್ನದು ಹಾಡುಹಗಲೇ, ಮಧ್ಯಾಹ್ನ ಎರಡೂವರೆಗೆ, ಊಟ ಮಾಡಿ ಎಚ್ಚರವಾಗಿ ಕೂತಿದ್ದಾಗ ನಡೆಯಿತು. ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ನನಗೇ ಪೂರ್ತಿ ನಂಬಿಕೆ ಇಲ್ಲದ್ದನ್ನು ನಿಮ್ಮ ಮೇಲೆ ಹೇರುವುದು ಸರಿಯಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಆಂಧ್ರದ ಗಡಿಯೂರು ಆದೋನಿಯಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯ ಕಚೇರಿಯಲ್ಲಿ ನಾನು ಮತ್ತು ಪ್ರಾಣೇಶ ಕೆಲಸಕ್ಕಿದ್ದೆವು. ಸಾಹುಕಾರರು ಹೊಸದಕ್ಕೆ ಹಂಬಲಿಸುವವರು. ಊರಿಗೆಲ್ಲ ಮೊದಲು ಎಂಬ ಹೆಮ್ಮೆಗೆ ಒಂದು ಕಂಪ್ಯೂಟರ್ ತರಿಸಿ, ಅದಕ್ಕೆಂದೇ ಒಂದು ಕೋಣೆ ಕಟ್ಟಿಸಿ, ಕಿಟಕಿಗೆ ಖಸದ, ಎಂದರೆ ಲಾವಂಚದ ಬೇರಿನ, ಪರದೆ ಹಾಕಿಸಿದ್ದರು. ಹತ್ತಿಯ ದೂಳು ಒಳಗೆ ಬರಬಾರದೆಂದು ನಾವು ಬಾಗಿಲ ಸಂದಿಗೆ ಹಳೇ ಪಂಚೆ ತುರುಕುತ್ತಿದ್ದೆವು. ಯೂನಿಕ್ಸ್ ಜಾತಿಯ ಯಂತ್ರ, ಹಸಿರು ಅಕ್ಷರದ ಪರದೆ. ಒತ್ತಿ ಕಟ್ಟಿದ ಹತ್ತಿಯ ಬೇಲುಗಳ ನಂಬರು, ತೂಕ ಇಂಥವನ್ನು ಅದರಲ್ಲಿ ಏರಿಸುವುದು ನಮ್ಮ ಕೆಲಸ. ಪ್ರಾಣೇಶ ಬಳ್ಳಾರಿಯಲ್ಲಿ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿತು ಬಂದಿದ್ದ. ಹತ್ತಿರದ ಪೆದ್ದಹರಿವಾಣಂ ಊರಿನ ರೈತರ ಮನೆಯವನಾದ ನಾನು ಅವನಿಂದ ಕಲಿತೆ. ಅವನಿಗೆ ಆಗ ಇಪ್ಪತ್ತಾರು ವರ್ಷ, ನನಗೆ ಅವನಿಗಿಂತ ಒಂದು ವರ್ಷ ಕಡಿಮೆ.

ಈ ಕತೆಗೆ ಬೇಕಾದ ಒಂದು ವಿಷಯ ಮಾತ್ರ ಹೇಳಿಬಿಡುತ್ತೇನೆ, ಕಂಪ್ಯೂಟರ್ ಗೊತ್ತಿಲ್ಲದವರು ಬೇಸರಿಸಬೇಡಿ. ನಾವು ಬರೆಯುವ ಪ್ರೋಗ್ರಾಮಿನಲ್ಲಿ ಎಲ್ಲ ಕೆಲಸವನ್ನೂ ನಾವೇ ಮಾಡುವುದಿಲ್ಲ. ವರ್ಗಮೂಲವೋ ಸೈನ್ ಬೆಲೆಯೋ ಬೇಕಾದರೆ ಅದರ ಹೆಸರು ಹಿಡಿದು ಕೇಳುತ್ತೇವೆ, ಅಷ್ಟೆ. ಅದನ್ನು ಮಾಡಿಕೊಡುವ ಕೋಡು ಬೇರೆ ಕಡೆ, ಲೈಬ್ರರಿ ಎಂಬ ಕಟ್ಟಿನಲ್ಲಿ ಇರುತ್ತದೆ. ಬರೆದದ್ದನ್ನು ಯಂತ್ರ ನಡೆಸುವ ರೂಪಕ್ಕೆ ತರುವಾಗ, ಅಂದರೆ ಕಂಪೈಲ್ ಮಾಡುವಾಗ, ಆಜ್ಞೆಯ ಕೊನೆಗೆ ಆ ಲೈಬ್ರರಿಯ ಹೆಸರು ಹೇಳಬೇಕು. ಆಗ ಅಲ್ಲಿಂದ ಬೇಕಾದಷ್ಟು ಕೋಡು ನಕಲಾಗಿ ಬಂದು, ಹಾಲಿನಲ್ಲಿ ಹೆಪ್ಪು ಸೇರುವ ಹಾಗೆ, ನಮ್ಮ ಪ್ರೋಗ್ರಾಮಿನೊಳಗೆ ಸೇರುತ್ತದೆ. ಇದಕ್ಕೆ ಲಿಂಕ್ ಮಾಡುವುದು ಎನ್ನುತ್ತಾರೆ. ಲೈಬ್ರರಿಯ ಹೆಸರು ಹೇಳದಿದ್ದರೆ ಯಂತ್ರ ‘ಅನ್‌ಡಿಫೈನ್ಡ್’ ಎಂದು ತೋರಿಸಿ ಸುಮ್ಮನಾಗುತ್ತದೆ. ಅಂದರೆ ನೀನು ಕರೆದ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು. ಹೆಸರನ್ನು ಆಜ್ಞೆಯ ಮೊದಲಿಗೆ ಹಾಕಿದರೂ ಇದೇ ಗತಿ. ನಾನು ಆ ತಪ್ಪು ಮಾಡಿದಾಗಲೆಲ್ಲ ಪ್ರಾಣೇಶ ತಲೆಗೆ ಮೊಟಕುತ್ತಿದ್ದ.

“ಲೇ ದೋಸ್ತ್, ಎಷ್ಟು ಸರತಿ ಹೇಳಬೇಕು? ಬೇಡೋನು ಮುಂದ, ಕೊಡೋನು ಹಿಂದ. ಕೊಡೋನ್ನ ಮೊದಲು ನಿಲ್ಲಿಸಿದ್ರ, ಏನು ಕೊಡಬೇಕು ಅಂತ ಅವನಿಗೆ ಹ್ಯಾಂಗ ಗೊತ್ತಾಗ್ತದ?”

ಪ್ರಾಣೇಶನ ತಂದೆ ಗಿರಿಯಾಚಾರ್ರು ಕೌತಾಳಂನಲ್ಲಿ ಪಂಚಾಂಗ ಗಣಿತ ಮಾಡುವವರು. ಯಾವ ದಿನ ಯಾವ ತಿಥಿ ಎಷ್ಟು ಗಳಿಗೆಯವರೆಗೆ ಇರುತ್ತದೆ ಎಂದು ವರ್ಷವಿಡೀ ಕೈಯಲ್ಲೇ ಲೆಕ್ಕ ಹಾಕಿ ಬರೆಯುತ್ತಿದ್ದರು. ಸುತ್ತಲಿನ ಹತ್ತಾರು ಹಳ್ಳಿಗಳ ವೈಷ್ಣವರ ಮನೆಗಳಲ್ಲಿ ಏಕಾದಶಿಯ ಉಪವಾಸ, ಹಿರಿಯರ ಶ್ರಾದ್ಧ ಎಲ್ಲವೂ ಅವರ ಕೈಬರಹದ ಹಾಳೆಯ ಪ್ರಕಾರವೇ ನಡೆಯುತ್ತಿದ್ದವು. ಪ್ರತಿ ವರ್ಷ ನಾಲ್ಕು ತಿಂಗಳು ನೆಲದ ಮೇಲೆ ಬಾಗಿ ಕೂತು ಬರೆದು ಬರೆದು ಬೆನ್ನು ಬಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಪ್ರಾಣೇಶನಿಗೆ ಇದೇ ಕೊರಗು. ತಂದೆಯ ಲೆಕ್ಕವನ್ನು ಯಂತ್ರಕ್ಕೆ ಕಲಿಸಿಬಿಟ್ಟರೆ ನಾಲ್ಕು ತಿಂಗಳ ಕೆಲಸ ಒಂದು ದಿನದಲ್ಲಿ ಮುಗಿಯುತ್ತದಲ್ಲ ಎಂದು ರಜೆಯ ದಿನಗಳಲ್ಲಿ ಕೂತು ಬರೆಯತೊಡಗಿದ. ತಿಥಿ, ನಕ್ಷತ್ರ ಒಂದೊಂದಕ್ಕೂ ಹೆಸರು ಹಿಡಿದು ಕರೆಯಬಹುದಾದ ಒಂದೊಂದು ಕೋಡಿನ ತುಣುಕು, ಅಂದರೆ ಫಂಕ್ಷನ್, ಮಾಡಿ ಲೈಬ್ರರಿ ಕಟ್ಟುತ್ತ ಹೋದ.

ಆದರೆ ಲೆಕ್ಕ ತಂದೆಯದಕ್ಕೆ ಕೂಡಿ ಬರಲಿಲ್ಲ. ಆಚಾರ್ರು ತಮ್ಮ ಗುರುಗಳಿಂದ ಬಂದ ಒಂದು ತಿದ್ದುಪಡಿಯನ್ನು ಚಂದ್ರನ ಗಣಿತಕ್ಕೆ ಸೇರಿಸುತ್ತಿದ್ದರು. ಅದಕ್ಕೆ ಸಂಸ್ಕಾರ ಎನ್ನುತ್ತಿದ್ದರು. ಅದು ಪುಸ್ತಕದಲ್ಲಿರಲಿಲ್ಲ, ಬಾಯಿಂದ ಬಾಯಿಗೆ ಬಂದದ್ದು. ಪ್ರಾಣೇಶ ಕೇಳಿದ, ಅವರು ಕೊಡಲಿಲ್ಲ. ಮಡಿಯಲ್ಲಿ ಕೂತು ಪಡೆದ ಉಪದೇಶವನ್ನು ಹತ್ತಿ ಫ್ಯಾಕ್ಟರಿಯ ಡಬ್ಬಿಗೆ ತುಂಬಲಾರೆ ಎಂದರು. ಇವನಿಗೂ ಸಿಟ್ಟು ಮೂಗಿನ ತುದಿಯಲ್ಲೇ. ನಿಮ್ಮ ಲೆಕ್ಕ ನಿಮಗಿರಲಿ, ನನ್ನದು ನಾನು ಮಾಡಿಕೊಳ್ಳುತ್ತೇನೆ ಎಂದು ಬಂದವನು ಒಂದು ಇಂಗ್ಲಿಷ್ ಪುಸ್ತಕ ತರಿಸಿ, ತಂದೆಯ ಪದ್ಧತಿ ಬಿಟ್ಟು ಅದರ ಪ್ರಕಾರವೇ ಚಂದ್ರನ ಗತಿಯನ್ನು ಬರೆಯತೊಡಗಿದ. ಬರುವ ವರ್ಷ ನನ್ನ ಪಂಚಾಂಗವನ್ನೂ ಅಪ್ಪನ ಪಂಚಾಂಗವನ್ನೂ ಪಕ್ಕಪಕ್ಕ ಇಡುತ್ತೇನೆ ಎಂದು ಹಟ. ಆರು ತಿಂಗಳು ಕೌತಾಳಂಗೆ ಹೋಗಲಿಲ್ಲ. ಬಸ್ಸಿನಲ್ಲಿ ಒಂದು ತಾಸಿನ ದಾರಿ.

ಪುಷ್ಯ ಮಾಸದಲ್ಲಿ ಅವನಿಗೆ ಕಾಮಾಲೆಯಾಯಿತು. ಮೊದಮೊದಲು ಸುಸ್ತು ಎಂದ. ಕಣ್ಣು ಹಳದಿಯಾದ ಮೇಲೂ ನಾಟಿ ಔಷಧಿ ಕುಡಿದುಕೊಂಡು ಕೆಲಸಕ್ಕೆ ಬಂದ. ನಾನು ಗದರಿಸಿ ಕರೆದೊಯ್ಯಬೇಕಿತ್ತು, ಕರೆದೊಯ್ಯಲಿಲ್ಲ. ಅವನು ಹಾಸಿಗೆ ಹಿಡಿದ ವಾರವೇ ಹೈದರಾಬಾದಿನಿಂದ ಇಂಜಿನಿಯರೊಬ್ಬ ಬಂದು, ಯಂತ್ರಕ್ಕೆ ಹೊಸ ವ್ಯವಸ್ಥೆ ಹಾಕಬೇಕು, ಡಿಸ್ಕನ್ನು ಪೂರ್ತಿ ಅಳಿಸುತ್ತೇನೆ, ಉಳಿಸಿಕೊಳ್ಳಬೇಕಾದ್ದು ಏನೇನಿದೆ ಎಂದು ಕೇಳಿದ. ನಾನು ಫ್ಯಾಕ್ಟರಿಯ ಕಡತಗಳನ್ನಷ್ಟೇ ತೋರಿಸಿದೆ. ಪ್ರಾಣೇಶನ ಲೈಬ್ರರಿ ನೆನಪಿಗೆ ಬರಲಿಲ್ಲವೆಂದಲ್ಲ. ಅವನ ಹತ್ತಿರ ಫ್ಲಾಪಿಗಳಿವೆಯಲ್ಲ ಎಂದುಕೊಂಡೆ. ಇದ್ದವು, ಎರಡು. ಆಮೇಲೆ ಅವನ ತಗಡಿನ ಪೆಟ್ಟಿಗೆಯಿಂದ ತೆಗೆದು ಹಾಕಿ ನೋಡಿದರೆ ಎರಡೂ ಸೆಕೆಗೆ ಕೆಟ್ಟು ಹೋಗಿದ್ದವು, ಒಂದು ಸಾಲೂ ಓದಲು ಬರಲಿಲ್ಲ. ಅವನು ಎರಡು ವರ್ಷ ಕೂತು ಕಟ್ಟಿದ್ದನ್ನು ನಾನು ತಲೆಯಾಡಿಸಿ ಅಳಿಸಿಬಿಟ್ಟಿದ್ದೆ. ಇದನ್ನು ಅವನಿಗೆ ಹೇಳೋಣವೆಂದರೆ ಅವನು ಬದುಕಿರಲಿಲ್ಲ.

ಆಸ್ಪತ್ರೆಗೆ ಆಚಾರ್ರು ಬರುವ ಹೊತ್ತಿಗೆ ಪ್ರಾಣೇಶನಿಗೆ ಪ್ರಜ್ಞೆ ತಪ್ಪಿತ್ತು. ಎರಡು ದಿನ ಅವರು ಮಂಚದ ಪಕ್ಕ ನೆಲದ ಮೇಲೆ ಕೂತರು. ಮೂರನೆಯ ಬೆಳಗಿನ ಜಾವ ಅವನು ಹೋದ. ನಾನು ಅಲ್ಲೇ ಇದ್ದೆ. ಉಸಿರು ನಿಂತಿತು ಎಂದು ಗೊತ್ತಾದ ಕ್ಷಣ ಆಚಾರ್ರು ತಲೆಯೆತ್ತಿ ಮೊದಲು ಗೋಡೆಯ ಗಡಿಯಾರ ನೋಡಿದರು. ಕಣ್ಣು ಕಿರಿದು ಮಾಡಿ, ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡರು. ಐದು ಗಂಟೆ ಹತ್ತು ನಿಮಿಷ. ಆಮೇಲೆ ಮಗನ ಮುಖ ನೋಡಿದರು. ನನಗೆ ಆಗ ಅವರ ಮೇಲೆ ಕೆಟ್ಟ ಸಿಟ್ಟು ಬಂತು.

ಹದಿಮೂರನೆಯ ದಿನದ ಕರ್ಮ ಮುಗಿದ ಮೇಲೆ ಒಂದು ದಿನ ಆಚಾರ್ರು ಫ್ಯಾಕ್ಟರಿಗೆ ಬಂದರು. ಜಿನ್ನಿಂಗ್ ಯಂತ್ರಗಳ ಸದ್ದಿಗೆ ಹೆದರಿದವರಂತೆ ಗೋಡೆ ಹಿಡಿದು ನಡೆದು ಬಂದು ಕಂಪ್ಯೂಟರ್ ಕೋಣೆಯ ಹೊಸ್ತಿಲಲ್ಲೇ ನಿಂತರು. ಒಳಗೆ ಬರಲು ಹೇಳಿದೆ. ಪ್ರಾಣೇಶ ಕೂಡುತ್ತಿದ್ದ ಕುರ್ಚಿ ಬಿಟ್ಟು ಸ್ಟೂಲಿನ ಮೇಲೆ ಕೂತರು.

“ತಮ್ಮಾ, ತಿಂಗಳ ಮಾಸಿಕ ಬಂತು. ಯಾವ ತಿಥಿಗೆ ಮಾಡಬೇಕು ಅಂತ ಮನ್ಯಾಗ ಮಾತು ನಡದಾವ.”

ಅವರು ಬಿಡಿಸಿ ಹೇಳಿದ್ದು ಹೀಗೆ. ಅವರ ಕೈಲೆಕ್ಕದ ಪ್ರಕಾರ ಐದು ಹತ್ತಕ್ಕೆ ಇನ್ನೂ ದಶಮಿಯೇ ಇತ್ತು. ಮಾರುಕಟ್ಟೆಯಲ್ಲಿ ಸಿಗುವ ಬೇರೆ ಪಂಚಾಂಗಗಳ ಪ್ರಕಾರ ಅಷ್ಟರಲ್ಲೇ ಏಕಾದಶಿ ಬಂದಿತ್ತು. ಅವರ ಪದ್ಧತಿಯಲ್ಲಿ ಏಕಾದಶಿಯ ದಿನ ಶ್ರಾದ್ಧವಿಲ್ಲ, ಮರುದಿನ ದ್ವಾದಶಿಗೆ ಮಾಡುತ್ತಾರೆ. ಆದ್ದರಿಂದ ತಿಂಗಳ ಮಾಸಿಕ ಶ್ರಾದ್ಧವೂ ಮುಂದೆ ವರ್ಷವರ್ಷದ ಶ್ರಾದ್ಧವೂ ದಶಮಿಗೋ ದ್ವಾದಶಿಗೋ ಎಂದು ಈಗಲೇ ತೀರ್ಮಾನವಾಗಬೇಕು. ಇನ್ನೊಂದು ಮಾತೂ ಇತ್ತು. ಏಕಾದಶಿಯಂದು ಜೀವ ಹೋದರೆ ಅದು ದೊಡ್ಡ ಪುಣ್ಯ ಎಂದು ಅವರಲ್ಲಿ ನಂಬಿಕೆ.

“ಅವರವ್ವ ಅಳ್ತಾಳ. ಎಲ್ಲಾ ಪಂಚಾಂಗದಾಗೂ ಏಕಾದಶಿ ಅದ, ನಿಮ್ಮದೊಂದರಾಗ ಮಾತ್ರ ಯಾಕ ಇಲ್ಲ, ಹುಡುಗನಿಗೆ ಅಷ್ಟು ಪುಣ್ಯಾನೂ ಉಳಿಸಂಗಿಲ್ಲೇನು ಅಂತಾಳ. ನಾ ಏನು ಮಾಡಲಿ? ನಲವತ್ತು ವರ್ಷ ಊರ ಮಂದಿಗೆಲ್ಲ ತಿಥಿ ಹೇಳೀನಿ. ಈಗ ನನ್ನ ಮಗಾ ಅಂತ ಲೆಕ್ಕ ತಿದ್ದಲೇನು?”

ಅವರು ಪರದೆಯ ಕಡೆ ನೋಡಿದರು.

“ಅಂವ ನನ್ನ ಲೆಕ್ಕ ಒಪ್ಪಲಿಲ್ಲ. ಹೋದಂವ ಅಂವ. ಹೋದ ತಿಥಿ ಅವನ ಲೆಕ್ಕದಿಂದಾನ ನೋಡೋದು ಸರಿ ಅನ್ನಿಸ್ತು. ಅವನ ಲೆಕ್ಕ ಇದರಾಗ ಅದ ಕದಾ? ತೆಗೆದು ಹೇಳು. ಅದು ಏನು ಹೇಳ್ತದೋ ಅದರಂಗ ಮಾಡ್ತೀನಿ.”

ಎರಡು ವರ್ಷ ಮಗನಿಗೆ ಬಗ್ಗದವರು ಈಗ ಬಗ್ಗಿ ಬಂದಿದ್ದರು, ನಾನು ಬರಿಗೈಯಲ್ಲಿ ಕೂತಿದ್ದೆ. ಅಳಿಸಿಬಿಟ್ಟೆ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. “ನೋಡ್ತೀನ್ರಿ ಆಚಾರ್ರೆ, ಸ್ವಲ್ಪ ದಿನ ಹಿಡೀತೈತಿ” ಎಂದೆ. ನಿಮ್ಮ ಲೆಕ್ಕದಲ್ಲಿ ದಶಮಿ ಎಷ್ಟು ಗಳಿಗೆಯವರೆಗೆ ಬಂದಿದೆ ಎಂದು ಕೇಳಿದೆ. ಅವರು ಕೈ ಅಡ್ಡ ಆಡಿಸಿದರು.

“ಅದು ಬ್ಯಾಡ. ಕೇಳಿದ್ರ ನೀ ಅದಕ್ಕ ಹೊಂದಿಸಿಬಿಡ್ತೀ.”

ಪ್ರಾಣೇಶನ ಇಂಗ್ಲಿಷ್ ಪುಸ್ತಕ ನನ್ನ ಹತ್ತಿರವಿತ್ತು, ಅಂಚಿನಲ್ಲಿ ಅವನ ಪೆನ್ಸಿಲ್ ಗುರುತುಗಳಿದ್ದವು. ಅದನ್ನು ಹಿಡಿದು ಅವನ ಫಂಕ್ಷನ್ನನ್ನು ಮತ್ತೆ ಬರೆಯೋಣವೆಂದುಕೊಂಡೆ. ಅರ್ಧ ಅರ್ಥವಾಗುತ್ತಿರಲಿಲ್ಲ. ಹಾಗೇ ಶಿವರಾತ್ರಿ ಬಂತು. ಮರುದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಫ್ಯಾಕ್ಟರಿ ನಡೆಸುವುದಿಲ್ಲ. ಸಾಹುಕಾರರ ಮನೆಯವರು ರಾತ್ರಿಯೆಲ್ಲ ಜಾಗರಣೆ ಮಾಡಿ ಮಲಗಿದ್ದರು. ಯಾರ ಕಾಟವೂ ಇಲ್ಲದೆ ಯಂತ್ರ ಸಿಗುವ ದಿನ ಅದೊಂದೇ. ಗೇಟಿನ ಕಾವಲುಗಾರ, “ಸೆಲವು ಕದಾ ಸಾರ್, ಎಂದುಕು ವಚ್ಚಿನಾರು?” ಎಂದು ತೆಲುಗಿನಲ್ಲಿ ಕೇಳಿದ. ರಜೆಯಿದ್ದರೂ ಸ್ವಲ್ಪ ಕೆಲಸವಿದೆ ಎಂದು ಹೇಳಿ ಒಳಗೆ ಹೋದೆ.

ಮೊದಲು ಮುಖ್ಯ ಭಾಗ ಬರೆದೆ. ಹನ್ನೊಂದು ಸಾಲು. ಪ್ರಾಣೇಶ ಹೋದ ದಿನದ ತಾರೀಕನ್ನು ತೆಗೆದುಕೊಂಡು, ತಿಥಿ ಎಂಬ ಫಂಕ್ಷನ್ನನ್ನು ಕರೆದು, ದಶಮಿ ಎಷ್ಟು ಗಳಿಗೆ ಎಷ್ಟು ವಿಗಳಿಗೆಗೆ ಮುಗಿಯಿತು ಎಂದು ಪರದೆಗೆ ಬರೆಯುವುದು, ಇಷ್ಟೇ. ಸೂರ್ಯೋದಯದಿಂದ ಮರುದಿನದ ಸೂರ್ಯೋದಯಕ್ಕೆ ಅರವತ್ತು ಗಳಿಗೆ. ಒಂದು ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ, ಅದರ ಅರವತ್ತನೇ ಒಂದು ಭಾಗ ವಿಗಳಿಗೆ. ತಿಥಿ ಎಂಬ ಫಂಕ್ಷನ್ ಇನ್ನೂ ಇರಲಿಲ್ಲ. ಅದನ್ನು ಆಮೇಲೆ ಬರೆಯುವವನಿದ್ದೆ. ನನ್ನ ಹನ್ನೊಂದು ಸಾಲಿನಲ್ಲಿ ಅಕ್ಷರ ತಪ್ಪಿದೆಯೇ ಎಂದು ನೋಡಲಷ್ಟೇ ಕಂಪೈಲ್ ಆಜ್ಞೆ ಕೊಟ್ಟೆ. ಲಿಂಕ್ ಮಾಡಬೇಡ ಎಂದು ಸೂಚಿಸುವುದನ್ನು ಮರೆತಿದ್ದೆ. ಒತ್ತಿದ ಮೇಲೆ ನೆನಪಾಯಿತು. ಹೋಗಲಿ, ‘ಅನ್‌ಡಿಫೈನ್ಡ್’ ಎಂದು ಬೈಯುತ್ತದೆ, ಬೈಯಲಿ ಎಂದು ಕಾದೆ. ಯಾವ ಲೈಬ್ರರಿಯ ಹೆಸರನ್ನೂ ನಾನು ಕೊಟ್ಟಿರಲಿಲ್ಲ. ಸೈನ್ ಬೆಲೆ ಕೊಡುವ ಗಣಿತದ ಲೈಬ್ರರಿಯನ್ನು ಕೂಡ ಕರೆದಿರಲಿಲ್ಲ.

ಬೈಯಲಿಲ್ಲ. ಡಿಸ್ಕು ಎಂದಿಗಿಂತ ಹೆಚ್ಚು ಹೊತ್ತು ಗರಗರ ಎಂದಿತು. ಆಮೇಲೆ ಒಂದು ಮಾತೂ ಹೇಳದೆ ಮುಂದಿನ ಆಜ್ಞೆಗಾಗಿ ಕಾಯುತ್ತ ನಿಂತಿತು. ಹಾಗೆ ಸುಮ್ಮನೆ ನಿಂತರೆ ಎಲ್ಲ ಸರಿಯಾಗಿ ಲಿಂಕ್ ಆಯಿತೆಂದು ಅರ್ಥ. ನಾನು ಎಲ್ಲೋ ಎಡವಿದ್ದೇನೆ ಎಂದುಕೊಂಡು ಪ್ರೋಗ್ರಾಮನ್ನು ನಡೆಸಿದೆ. ಪರದೆಯ ಮೇಲೆ ಎರಡು ಅಂಕಿ ಬಂದವು. ಐವತ್ತೇಳು. ಹನ್ನೆರಡು.

ಇನ್ನೊಮ್ಮೆ ನಡೆಸಿದೆ. ಮತ್ತೆ ಅದೇ. ಬೇರೆ ತಾರೀಕು ಕೊಟ್ಟು ನೋಡಬೇಕು, ಆ ಪ್ರೋಗ್ರಾಮನ್ನು ಬೇರೆ ಹೆಸರಿಟ್ಟು ನಕಲು ಮಾಡಿಡಬೇಕು, ಇಂಥ ಯಾವ ಬುದ್ಧಿಯೂ ಹೊಳೆಯಲಿಲ್ಲ. ಆಚಾರ್ರಿಗೆ ಕಾಗದದ ಮೇಲೆ ತೋರಿಸಬೇಕು ಎಂಬುದೊಂದೇ ತಲೆಯಲ್ಲಿತ್ತು. ಕಡತ ತೆರೆದು, ಉತ್ತರವನ್ನು ಪ್ರಿಂಟರಿಗೂ ಕಳಿಸು ಎಂದು ಒಂದು ಸಾಲು ಸೇರಿಸಿ ಮತ್ತೆ ಕಂಪೈಲ್ ಮಾಡಿದೆ.

ಈ ಸಲ ಯಂತ್ರ ಬೈಯಿತು. ಅನ್‌ಡಿಫೈನ್ಡ್: ತಿಥಿ.

ಸೇರಿಸಿದ ಸಾಲನ್ನು ತೆಗೆದು ಹಾಕಿ ಮೊದಲಿದ್ದಂತೆ ಮಾಡಿದೆ. ಅನ್‌ಡಿಫೈನ್ಡ್. ಯಂತ್ರ ಆರಿಸಿ ಹಚ್ಚಿದೆ. ಅನ್‌ಡಿಫೈನ್ಡ್. ಕಂಪೈಲ್ ಮಾಡಿದಾಗಲೆಲ್ಲ ಹಳೆಯ ಪ್ರೋಗ್ರಾಮಿನ ಮೇಲೆಯೇ ಹೊಸದನ್ನು ಬರೆಯುವುದು, ಹೊಸದು ಲಿಂಕ್ ಆಗದಿದ್ದರೂ ಹಳೆಯದನ್ನು ಅಳಿಸಿಬಿಡುವುದು ಆ ಯಂತ್ರದ ರೂಢಿ. ಈ ಕೆಲಸ ಕಲಿತ ಮೊದಲ ವಾರದಲ್ಲೇ ಗೊತ್ತಾಗುವ ಮಾತು ಅದು. ಅಷ್ಟು ಗೊತ್ತಿದ್ದೂ ನನ್ನ ಕೈಯಾರೆ ಅದನ್ನು ಅಳಿಸಿಕೊಂಡೆ. ಪ್ರಾಣೇಶನದೇನೋ ಒಂದು ಅದರೊಳಗೆ ಇತ್ತು ಎಂದಾದರೆ ಅದನ್ನು ನಾನು ಎರಡನೆಯ ಸಲ ಅಳಿಸಿದ್ದೆ. ಯಾರೂ ಇಲ್ಲದ ಕೋಣೆಯಲ್ಲಿ ಮೇಜಿಗೆ ಹಣೆಯಿಟ್ಟು ಅತ್ತೆ. ಆಸ್ಪತ್ರೆಯಲ್ಲಿ ಕೂಡ ನಾನು ಹಾಗೆ ಅತ್ತಿರಲಿಲ್ಲ.

ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ನಾಲ್ಕು ಗಂಟೆಯ ಕೌತಾಳಂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕೋ ಬೇಡವೋ ಎಂಬ ಹೊಯ್ದಾಟ. ನಿಮಿಷಕ್ಕಿಳಿಸಿ ನೋಡಿದ್ದೆ. ಆಗ ಸೂರ್ಯೋದಯ ಆರೂಮುಕ್ಕಾಲರ ಸುಮಾರಿಗೆ, ಅಲ್ಲಿಂದ ಐವತ್ತೇಳು ಗಳಿಗೆ ಎಂದರೆ ಮರುದಿನ ಬೆಳಗಿನ ಐದೂವರೆ ದಾಟುತ್ತದೆ. ಐದು ಹತ್ತಕ್ಕೆ ಇನ್ನೂ ದಶಮಿಯೇ. ತಾಯಿಗೆ ಏಕಾದಶಿ ಬೇಕಿತ್ತು. ಪ್ರಾಣೇಶನ ಲೆಕ್ಕವೂ ಬೇರೆ ಪಂಚಾಂಗಗಳ ಹಾಗೆ ಏಕಾದಶಿಯನ್ನೇ ಹೇಳುತ್ತದೆ ಎಂದು ನಾನೂ ಎಣಿಸಿದ್ದೆ. ಏಕಾದಶಿ ಎಂದು ಒಂದು ಸುಳ್ಳು ಹೇಳಿಬಿಟ್ಟರೆ ಯಾರಿಗೇನು ನಷ್ಟ ಎಂದೂ ಅನ್ನಿಸಿತು. ಇಳಿಯುವವರೆಗೂ ತೀರ್ಮಾನ ಆಗಲಿಲ್ಲ.

ಆಚಾರ್ರು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಒಳಗೆ ಪ್ರಾಣೇಶನ ಅಣ್ಣನ ಮಕ್ಕಳು ಗಲಾಟೆ ಮಾಡುತ್ತಿದ್ದವು. ಪ್ರಾಣೇಶನ ತಾಯಿ ನನ್ನ ದನಿ ಕೇಳಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಚೀಟಿ ಕೊಟ್ಟೆ. ಆಚಾರ್ರು ಅದನ್ನು ಕಣ್ಣಿನ ಹತ್ತಿರ ಹಿಡಿದು, ಓದಲಾಗದೆ ಹಿಂದಕ್ಕೆ ಕೊಟ್ಟು, “ನೀನ ಓದು” ಎಂದರು.

“ಐವತ್ತೇಳು ಗಳಿಗಿ, ಹನ್ನೆರಡು ವಿಗಳಿಗಿ ಐತ್ರಿ.”

ಅವರು ಎದ್ದು ಹೋಗಿ ಗೂಡಿನಲ್ಲಿದ್ದ ಪಂಚಾಂಗದ ಕಟ್ಟು ಬಿಚ್ಚಿ, ನಾಲ್ಕು ಮಡಿಕೆಯ ಒಂದು ಕಾಗದ ತಂದು ನನ್ನ ಕೈಗಿಟ್ಟರು. “ಇದನ್ನೂ ಓದು.” ಬಿಡಿಸಿದೆ. ನಡುಗುವ ಕೈಯಿಂದ ಬರೆದ ಅಂಕಿಗಳ ಸಾಲು, ಕೊನೆಗೆ ಗೆರೆ ಎಳೆದು ಉತ್ತರ. ಐವತ್ತೇಳು. ಹನ್ನೆರಡು. “ಅದೇ ಐತ್ರಿ” ಎಂದೆ. ಅವರು ನೆಲದ ಮೇಲೆ ಕುಸಿದು ಕೂತರು.

“ಆ ಸಂಸ್ಕಾರ ಹಾಕದಿದ್ರ ಈ ಅಂಕಿ ಬರಂಗಿಲ್ಲ. ನಾ ಅವನಿಗೆ ಅದನ್ನ ಹೇಳಿಕೊಟ್ಟಿಲ್ಲ, ತಮ್ಮಾ. ಕೇಳಿದ್ದ. ಒಂದು ಸರತಿ ಅಲ್ಲ, ಮೂರು ಸರತಿ ಕೇಳಿದ್ದ. ಕೊನೀ ಸರತಿ ನನ್ನ ಕಾಲು ಹಿಡಕೊಂಡು ಕೇಳಿದ್ದ. ಕೊಡಲಿಲ್ಲ ನಾನು.”

ಅವನು ಕಾಲು ಹಿಡಿದಿದ್ದ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಅವನು ಜಗಳದ ಮಾತು ಮಾತ್ರ ಆಡಿದ್ದ.

ಪ್ರಾಣೇಶನ ತಾಯಿ ಬಾಗಿಲಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. “ನಮ್ಮ ಸಮಾಧಾನಕ್ಕ ಏನೋ ಬರಕೊಂಡು ಬಂದೀಯೇನಪ್ಪಾ?” ಎಂದು ನನ್ನನ್ನು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಆಚಾರ್ರು ತಲೆಯಾಡಿಸಿದರು.

“ಸಮಾಧಾನಕ್ಕಾಗಿದ್ರ ಈ ಹುಡುಗ ಏಕಾದಶಿ ಅಂತಿದ್ದ. ನಾ ಇವನಿಗೆ ನನ್ನ ಅಂಕಿ ಹೇಳೇ ಇಲ್ಲ.”

ಪುನಃ ಮಾಡಿ ತೋರಿಸು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. ನಡೆದದ್ದನ್ನು ನಾನಾಗಿಯೇ ಹೇಳಿದೆ, ಡಿಸ್ಕು ಅಳಿಸಿದ್ದೊಂದನ್ನು ಬಿಟ್ಟು. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಕತ್ತಲಾಗುವ ಮೊದಲು ಕೈಕಾಲು ತೊಳೆದು ಬಂದು, ಪೂರ್ವಕ್ಕೆ ಮುಖ ಮಾಡಿ ಕೂತು, ನನಗೂ ಎದುರಿಗೆ ಕೂಡಲು ಹೇಳಿದರು.

“ಬರಕೋ. ಅಂವ ಕೇಳಿದ್ದು.”

ಲಿಂಗ ಕಟ್ಟಿದ ನನಗೆ ಅವರ ಗುರುಗಳ ಉಪದೇಶ ಸಲ್ಲುತ್ತದೋ ಇಲ್ಲವೋ ಎಂದು ನಾನೂ ಕೇಳಲಿಲ್ಲ, ಅವರೂ ಯೋಚಿಸಿದಂತೆ ಕಾಣಲಿಲ್ಲ. ಅವರು ಹೇಳಿದ್ದು ಎಲ್ಲ ಸೇರಿ ಸ್ವಲ್ಪ ಉದ್ದನೆಯ ನಾಲ್ಕು ಸಾಲು. ಇಷ್ಟಕ್ಕಾಗಿ ತಂದೆ ಮಗ ಆರು ತಿಂಗಳು ಮುಖ ನೋಡಲಿಲ್ಲವೇ ಎನ್ನಿಸಿ ನನಗೆ ಬರೆಯುವ ಕೈ ಓಡಲಿಲ್ಲ.

ಮಾಸಿಕವನ್ನು ದಶಮಿಗೇ ಮಾಡಿದರು. ಆಮೇಲೆ ನಾಲ್ಕು ಭಾನುವಾರ ನಾನು ಕೌತಾಳಂಗೆ ಹೋಗಿ ಅವರ ಪೂರ್ತಿ ಪದ್ಧತಿಯನ್ನು ಬರೆದುಕೊಂಡು ಬಂದು ಯಂತ್ರಕ್ಕೆ ಹಾಕಿದೆ. ಲೈಬ್ರರಿ ಕಟ್ಟಿ, ಸರಿಯಾದ ಜಾಗದಲ್ಲಿ ಅದರ ಹೆಸರು ಕೊಟ್ಟು, ಗಣಿತದ ಲೈಬ್ರರಿಯನ್ನೂ ಸೇರಿಸಿ ಲಿಂಕ್ ಮಾಡಿದೆ. ಆ ತಾರೀಕಿಗೆ ಉತ್ತರ ಐವತ್ತೇಳು, ಹನ್ನೆರಡು. ಸಂಸ್ಕಾರದ ಸಾಲುಗಳನ್ನು ತೆಗೆದು ನಡೆಸಿದರೆ ಐವತ್ತೈದು, ಮೂರು. ಅಂದರೆ ಆ ಅಮಾವಾಸ್ಯೆಯ ಮಧ್ಯಾಹ್ನ ಲೆಕ್ಕ ಹಾಕಿದ್ದು ಯಾವುದೇ ಇರಲಿ, ಅದಕ್ಕೆ ಆಚಾರ್ರು ಯಾರಿಗೂ ಹೇಳದ ಮಾತು ಗೊತ್ತಿತ್ತು.

ನನಗೆ ಹೊಳೆದ ವಿವರಣೆಗಳನ್ನೆಲ್ಲ ಹಾಕಿ ನೋಡಿದ್ದೇನೆ. ಹೊಸ ವ್ಯವಸ್ಥೆಯ ಲೈಬ್ರರಿಗಳಲ್ಲಿ ಅದೇ ಹೆಸರಿನ ಬೇರೇನಾದರೂ ಇತ್ತೇ ಎಂದು ಒಂದೊಂದನ್ನೂ ಬಿಚ್ಚಿ ಹುಡುಕಿದೆ, ಇರಲಿಲ್ಲ. ಹೈದರಾಬಾದಿನ ಇಂಜಿನಿಯರನಿಗೆ ಕಾಗದ ಬರೆದೆ. ಡಿಸ್ಕು ಪೂರ್ತಿ ಅಳಿದಿದೆ, ನೀವು ಬೇರೆ ಯಾವುದೋ ಹಳೆಯ ಪ್ರೋಗ್ರಾಮನ್ನು ನಡೆಸಿರಬೇಕು ಎಂದು ಉತ್ತರ ಬಂತು. ಹಳೆಯದು ಎಲ್ಲಿ ಉಳಿದಿತ್ತು? ಆಸ್ಪತ್ರೆಯಲ್ಲೋ ಕರ್ಮ ನಡೆದ ಮನೆಯಲ್ಲೋ ಆಚಾರ್ರ ಬಾಯಿಂದ ಆ ಅಂಕಿಯನ್ನು ನಾನೇ ಕೇಳಿಸಿಕೊಂಡು ಮರೆತು, ದುಃಖದಲ್ಲಿ ಪರದೆಯ ಮೇಲೆ ಕಂಡೆನೇ? ಹಾಗೂ ಇರಬಹುದು. ಆದರೆ ಆ ಡಿಸ್ಕಿನ ಗರಗರ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಕೊನೆಯ ಭಾನುವಾರ, ಬರುವ ಇಡೀ ವರ್ಷದ ತಿಥಿಗಳನ್ನು ಅಚ್ಚು ಹಾಕಿದ ಉದ್ದನೆಯ ಕಾಗದ ಹಿಡಿದು ಹೋದೆ. ಆಚಾರ್ರಿಗೆ ಓದಲಾಗಲಿಲ್ಲ. ಅಂಗೈಯಿಂದ ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದರು. ತಮ್ಮ ಸಂಸ್ಕಾರ ಈಗ ಯಂತ್ರದೊಳಗೆ ಇದೆಯೇ ಎಂದು ಕೇಳಿದರು. ಐತ್ರಿ ಎಂದೆ. ನಾನು ಚಪ್ಪಲಿ ಮೆಟ್ಟುವಾಗ ಬಾಗಿಲವರೆಗೆ ಬಂದು ನನ್ನ ಮೊಣಕೈ ಹಿಡಿದರು.

“ನಾ ಇಷ್ಟು ತಡ ಮಾಡಿ ಕೊಟ್ಟೀನಿ. ಅವನಿಗೆ ಮುಟ್ಟತದೇನು, ತಮ್ಮಾ?”

ನಾನು ಏನನ್ನೂ ನಂಬದವನು. “ಮುಟ್ಟೈತ್ರಿ ಆಚಾರ್ರೆ” ಎಂದೆ. ಅವತ್ತು ನಾನು ಒಬ್ಬ ಮುದುಕರಿಗೆ ಸುಳ್ಳು ಹೇಳಿ ಬಂದೆನೋ, ಕಣ್ಣಾರೆ ಕಂಡದ್ದನ್ನೇ ಹೇಳಿದೆನೋ ನನಗೆ ಇನ್ನೂ ತಿಳಿದಿಲ್ಲ.